ಶರೀಫಜ್ಜನ ಪದಕ್ಕೆ ನಾನು ಬರೆದ ಅರ್ಥ

ಪ್ರಥಮ ಪಿಯುಸಿಯಲ್ಲಿದ್ದಾಗ ನಮ್ಮ ಕನ್ನಡ ಸರ್ ಶಿಶುನಾಳ ಶರೀಫರ ಒಂದು ತತ್ವಪದ ಬರೆಸಿ, ಮನೆಯಲ್ಲಿ ಅದಕ್ಕೆ ಭಾವಾರ್ಥ ಬರೆದುಕೊಂಡು ಬರಲು ಹೇಳಿದ್ದರು. ಕೋಳಿಯೊಂದು ಕೋಡಗವನ್ನು, ಅಂದರೆ ಮಂಗವನ್ನು, ನುಂಗುವ ಆ ಪದ ನಿಮಗೆಲ್ಲ ಗೊತ್ತೇ ಇದೆ. ಗ್ಯಾದರಿಂಗ್‌ನಲ್ಲಿ ಅದನ್ನು ಹಾಡದ ವರ್ಷವಿಲ್ಲ. ನಾನು ಒಂದು ಹಳೆಯ ಗೈಡ್ ಇಟ್ಟುಕೊಂಡು ಎರಡು ಪುಟ ಬರೆದೆ. ಜೀವಾತ್ಮ, ಪರಮಾತ್ಮ, ಮಾಯೆ, ಮೋಕ್ಷ ಎಲ್ಲವೂ ಅದರಲ್ಲಿ ಬಂದಿದ್ದವು. ಒಳ್ಳೆಯ ಅಂಕ ಬರುತ್ತವೆ ಎಂದೇ ನಂಬಿದ್ದೆ. ಸರ್ ಅಂಕ ಕೊಡಲಿಲ್ಲ. ಒಂದು ಶಬ್ದದ ಕೆಳಗೆ ಕೆಂಪು ಗೆರೆ ಎಳೆದು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಪಟ್ಟಿ ಹಿಂದಕ್ಕೆ ಕೊಟ್ಟರು.

ಆ ಶಬ್ದ ಕುಣಿ. ಮಗ್ಗದಲ್ಲಿ ಕುಳಿತ ನೇಕಾರನನ್ನು ಕುಣಿ ನುಂಗಿತು ಎಂಬ ಮಾತು ಆ ಪದದಲ್ಲಿ ಬರುತ್ತದೆ. ನಾನು ಕುಣಿ ಎಂದರೆ ಕುಣಿತ ಎಂದುಕೊಂಡಿದ್ದೆ. ಸಂಸಾರದ ಕುಣಿತ ಮನುಷ್ಯನನ್ನು ನುಂಗಿಹಾಕುತ್ತದೆ ಎಂದು ಭಾರಿ ಗಂಭೀರವಾಗಿ ಬರೆದಿದ್ದೆ. ಸರ್ ತರಗತಿಯಲ್ಲಿ ಬೈಯಲಿಲ್ಲ. ಒಳಗಿನ ಅರ್ಥಕ್ಕೆ ಹೋಗುವ ಮೊದಲು ಹೊರಗಿನ ಅರ್ಥ ಯಾರನ್ನಾದರೂ ಕೇಳಿ ತಿಳಿದುಕೊಂಡು ಬಾ ಎಂದಷ್ಟೇ ಹೇಳಿದರು. ಆ ಒಂದು ಶಬ್ದದ ಹಿಂದೆ ಬಿದ್ದು ನಾನು ಶರೀಫರ ಜೀವನವನ್ನೇ ಓದಬೇಕಾಯಿತು.

ನಮ್ಮ ಕಾಲೇಜಿಗೆ ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು ಈ ನಾಲ್ಕೂ ಕಡೆಯಿಂದ ಹುಡುಗ ಹುಡುಗಿಯರು ಬರುತ್ತಾರೆ. ಆದರೂ ಶರೀಫರು ನಮ್ಮವರೇ, ಇಲ್ಲಿಯವರೇ ಎಂಬುದು ನಮ್ಮಲ್ಲಿ ಹಲವರಿಗೆ ತಿಳಿದಿರಲಿಲ್ಲ. ಅವರ ಊರು ಶಿಗ್ಗಾಂವ ತಾಲ್ಲೂಕಿನ ಶಿಶುವಿನಹಾಳ. ಜನರ ಬಾಯಲ್ಲಿ ಅದು ಶಿಶುನಾಳ ಆಗಿದೆ. ಅವರು ಹುಟ್ಟಿದ್ದು 1819ರ ಜುಲೈ 3ರಂದು. ಅದರ ಹಿಂದಿನ ವರ್ಷವಷ್ಟೇ ಪೇಶ್ವೆಯರ ಆಳ್ವಿಕೆ ಮುಗಿದು ಧಾರವಾಡ ಸೀಮೆ ಇಂಗ್ಲಿಷರ ಕೈಗೆ ಬಂದಿತ್ತು. ಪಕ್ಕದ ಸವಣೂರಿನಲ್ಲಿ ನವಾಬರು ಇನ್ನೂ ಇದ್ದರು. ಹಾವೇರಿ ಎಂಬ ಜಿಲ್ಲೆಯೇ ಆಗ ಇರಲಿಲ್ಲ, ಅದು ಆದದ್ದು 1997ರಲ್ಲಿ.

ತಂದೆ ಇಮಾಮ ಸಾಹೇಬರು, ತಾಯಿ ಹಜ್ಜೂಮಾ. ಬಹಳ ದಿನ ಮಕ್ಕಳಾಗದೆ, ಹುಲಗೂರಿನ ಖಾದರ ಶಾ ವಲಿಯವರ ದರ್ಗಾಕ್ಕೆ ಹರಕೆ ಹೊತ್ತ ಮೇಲೆ ಹುಟ್ಟಿದ ಮಗ ಎಂದು ನಮ್ಮ ಕಡೆ ಹೇಳುತ್ತಾರೆ. ಹುಲಗೂರು ಕೂಡ ಶಿಗ್ಗಾಂವ ತಾಲ್ಲೂಕೇ. ಇಮಾಮ ಸಾಹೇಬರು ಮಗನಿಗೆ ಕುರ್‌ಆನ್ ಕಲಿಸಿದರು. ಜೊತೆಗೆ ಅವನು ರಾಮಾಯಣ, ಮಹಾಭಾರತ, ಶರಣರ ವಚನ ಎಲ್ಲವನ್ನೂ ಕೇಳಿ ಬೆಳೆದ. ಕನ್ನಡ ಶಾಲೆ ಓದಿ ಮುಲ್ಕಿ ಪರೀಕ್ಷೆ ಪಾಸಾದ. ಆ ಕಾಲದಲ್ಲಿ ಮುಲ್ಕಿ ಪಾಸಾದವನಿಗೆ ಮಾಸ್ತರಿಕೆ ಸಿಗುತ್ತಿತ್ತು. ಶರೀಫರೂ ಸುತ್ತಲಿನ ಹಳ್ಳಿಗಳಲ್ಲಿ ಕೆಲವು ಕಾಲ ಶಾಲೆ ಕಲಿಸಿದರು. ಬಯಲಾಟದಲ್ಲಿ ಪಾತ್ರ ಹಾಕಿದರು. ಮೊಹರಂ ಬಂದರೆ ಹೆಜ್ಜೆ ಹಾಕುವವರಿಗೆ ಅಲಾವಿ ಪದ, ರಿವಾಯತ ಪದ ಕಟ್ಟಿಕೊಟ್ಟರು. ಕರ್ಬಲಾದ ದುಃಖವನ್ನು ನಮ್ಮ ಕಡೆಯ ಹಳ್ಳಿಗಳು ಇವತ್ತಿಗೂ ಕನ್ನಡದಲ್ಲಿ ಹಾಡುತ್ತವೆ. ಮಾಸ್ತರಿಕೆ ಮಾತ್ರ ಅವರಿಗೆ ಒಗ್ಗಲಿಲ್ಲ, ಬಿಟ್ಟುಬಿಟ್ಟರು.

ಅವರ ಬದುಕಿನಲ್ಲಿ ಎಲ್ಲರೂ ಹೇಳುವ ಪ್ರಸಂಗ ಗುರುವನ್ನು ಕಂಡದ್ದು. ಈಗಿನ ಕುಂದಗೋಳ ತಾಲ್ಲೂಕಿನ ಕಳಸದಲ್ಲಿ ಗೋವಿಂದ ಭಟ್ಟರೆಂಬ ಬ್ರಾಹ್ಮಣರಿದ್ದರು. ಜಾತಿ ಕಟ್ಟಳೆಗೆ ಸಿಕ್ಕದ ಮನುಷ್ಯ. ಇಮಾಮ ಸಾಹೇಬರು ಮಗನನ್ನು ಕರೆದುಕೊಂಡು ಹೋಗಿ ಶಿಷ್ಯನಾಗಿ ಮಾಡಿಕೊಳ್ಳಬೇಕೆಂದು ಕೇಳಿಕೊಂಡರಂತೆ. ಭಟ್ಟರು ಹುಡುಗನನ್ನು ನೋಡಿ, ನಿಮ್ಮಪ್ಪ ಯಾರೋ ಎಂದು ಕೇಳಿದರಂತೆ. ಅಪ್ಪ ಪಕ್ಕದಲ್ಲೇ ನಿಂತಿದ್ದಾನೆ, ಹೆಸರು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಹುಡುಗ, ನಿಮಗೆ ಯಾರು ಅಪ್ಪನೋ ನನಗೂ ಅವನೇ ಎಂಬ ಅರ್ಥದ ಉತ್ತರ ಕೊಟ್ಟ. ಸುತ್ತ ಕುಳಿತವರು ಗಾಬರಿಯಾದರು. ಈ ಉತ್ತರವನ್ನು ಶಬ್ದಕ್ಕೆ ಶಬ್ದ ಹಿಡಿದು ನೋಡಿದರೆ ಅದು ಬೈಗುಳ. ನಮ್ಮೂರಿನಲ್ಲಿ ಇವತ್ತು ಯಾರಾದರೂ ಹಿರಿಯರಿಗೆ ಹೀಗೆ ಹೇಳಿದರೆ ಕಪಾಳಕ್ಕೆ ಬೀಳುತ್ತದೆ. ಗೋವಿಂದ ಭಟ್ಟರು ಮಾತ್ರ ಹಿಗ್ಗಿದರು. ಎಲ್ಲರನ್ನೂ ಹುಟ್ಟಿಸಿದವನೊಬ್ಬ ಇದ್ದಾನೆ, ಅವನನ್ನು ಈ ಹುಡುಗ ಅಪ್ಪ ಅನ್ನುತ್ತಿದ್ದಾನೆ ಎಂದು ಅವರಿಗೆ ತಕ್ಷಣ ತಿಳಿಯಿತು. ಶಿಷ್ಯನನ್ನಾಗಿ ತೆಗೆದುಕೊಂಡರು.

ಈ ಕತೆ ಓದಿದಾಗ ನನಗೆ ಅನ್ನಿಸಿದ್ದು ಇಷ್ಟು. ಪ್ರಶ್ನೆ ಹಾಕಿದ ಭಟ್ಟರಿಗೂ ಎರಡು ಅರ್ಥ ಗೊತ್ತಿದ್ದವು, ಉತ್ತರ ಕೊಟ್ಟ ಹುಡುಗನಿಗೂ ಎರಡು ಅರ್ಥ ಗೊತ್ತಿದ್ದವು. ಗಾಬರಿಯಾದವರಿಗೆ ಒಂದೇ ಗೊತ್ತಿತ್ತು.

ಹಾಗೆ ನೋಡಿದರೆ ನಾವೆಲ್ಲರೂ ದಿನಾ ಎರಡೆರಡು ಅರ್ಥದಲ್ಲೇ ಬದುಕುತ್ತೇವೆ. ಹೊಟ್ಟೆಕಿಚ್ಚು ಎಂದಾಗ ಯಾರೂ ಅಗ್ನಿಶಾಮಕ ದಳಕ್ಕೆ ಫೋನ್ ಮಾಡುವುದಿಲ್ಲ. ತಲೆ ತಿನ್ನಬೇಡ ಎಂದು ಕನ್ನಡದಲ್ಲಿ ಬೈಸಿಕೊಂಡು ಮನೆಗೆ ಹೋದರೆ ಅಮ್ಮಿ ಅದನ್ನೇ ಉರ್ದುವಿನಲ್ಲಿ ಬೈಯುತ್ತಾರೆ, ತಿನ್ನುವುದು ಅಲ್ಲಿಯೂ ತಲೆಯನ್ನೇ. ವರದೆಯ ಮೇಲಿನ ಊರು ಎಂದರೆ ದಂಡೆಯ ಊರು ಎಂದೇ ಹಾನಗಲ್ಲ, ಸವಣೂರಿನವರು ತಿಳಿಯುತ್ತಾರೆ, ನೀರಿನ ಮೇಲೆ ತೇಲುವ ಊರು ಎಂದಲ್ಲ. ವಾಚ್ಯಾರ್ಥ, ಲಕ್ಷ್ಯಾರ್ಥ, ವ್ಯಂಗ್ಯಾರ್ಥ ಎಂದು ಸರ್ ಬೋರ್ಡಿನ ಮೇಲೆ ಬರೆದು ಕಲಿಸಿದ್ದನ್ನು ನಾವು ಕಲಿಯುವ ಮೊದಲೇ ಮಾತಾಡುತ್ತಿದ್ದೆವು. ಸವಣೂರಿನ ಕಲ್ಮಠದಲ್ಲಿ ದೊಡ್ಡಹುಣಸೆ ಮರಗಳಿವೆ. ಆನೆಯಂಥ ಬುಡದ ಆ ಮರಗಳನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಹೆಸರು ನಂಬಿ ಸಾರಿಗೆ ಹುಣಸೆಹಣ್ಣು ಹುಡುಕಿದರೆ ಸಿಗುವುದಿಲ್ಲ. ಅವು ಹುಣಸೆಯೇ ಅಲ್ಲ, ಆಫ್ರಿಕಾದ ಬಾವೋಬಾಬ್ ಮರಗಳು.

ಶರೀಫರಿಗೆ ಈ ದಾರಿ ಹೊಸದೂ ಅಲ್ಲ. ಅವರಿಗಿಂತ ಏಳು ನೂರು ವರ್ಷ ಮೊದಲು ಅಲ್ಲಮಪ್ರಭುಗಳು ಬೆಡಗಿನ ವಚನ ಹೇಳಿದ್ದರು. ಶಿಗ್ಗಾಂವ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ಮುಂಡಿಗೆಗಳನ್ನು ಬರೆದಿದ್ದರು, ಅವೂ ಒಡೆಯಬೇಕಾದ ಒಗಟುಗಳೇ. ಒಂದೇ ತಾಲ್ಲೂಕಿನ ಎರಡು ಹಳ್ಳಿಗಳು ಕನ್ನಡದವರ ತಲೆಗೆ ಇಷ್ಟು ಕೆಲಸ ಕೊಟ್ಟಿವೆ. ಹಿರೇಕೆರೂರು ಕಡೆಯ ಗೆಳೆಯರು ಇಲ್ಲಿ ಸರ್ವಜ್ಞನನ್ನು ಸೇರಿಸಲೇಬೇಕೆಂದು ಜಗಳ ತೆಗೆದರು. ಅಬಲೂರು, ಮಾಸೂರಿನ ಹೆಸರು ಸರ್ವಜ್ಞನ ಜೊತೆ ಬರುತ್ತದಲ್ಲ, ಅದಕ್ಕೆ. ಆದರೆ ಸರ್ವಜ್ಞನದು ಹೆಚ್ಚಾಗಿ ನೇರ ಮಾತು, ಅವನನ್ನು ಬೇರೆ ಲೇಖನಕ್ಕೆ ಬಿಟ್ಟಿದ್ದೇನೆ.

ಇನ್ನು ಕುಣಿಯ ಸಂಗತಿ. ಶಿಗ್ಗಾಂವ ತಾಲ್ಲೂಕಿನಲ್ಲಿರುವ ನನ್ನ ನಾನಾ ಗೌಂಡಿ ಕೆಲಸ ಮಾಡಿದವರು. ಈಗ ವಯಸ್ಸಾಗಿದೆ, ಕರಣೆ ಹಿಡಿಯುವುದಿಲ್ಲ. ಓದಿದ್ದು ಮೂರನೆಯ ಇಯತ್ತೆ. ಊರಿನ ಭಜನಾ ಮೇಳದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಶರೀಫರ ಪದ ಹಾಡಿದವರು. ರಜೆಯಲ್ಲಿ ಹೋದಾಗ ಪಟ್ಟಿ ತೋರಿಸಿ ಕುಣಿ ಎಂದರೇನು ಎಂದು ಕೇಳಿದೆ. ಅವರು ನಕ್ಕು, ಎದ್ದು ಹೋಗಿ ಹಿತ್ತಲಲ್ಲಿ ಗಿಡ ನೆಡಲು ತೋಡಿದ್ದ ತಗ್ಗನ್ನು ತೋರಿಸಿದರು. ಕುಣಿ ಎಂದರೆ ತಗ್ಗು. ಹಿಂದೆ ನೇಕಾರರ ಮನೆಯಲ್ಲಿ ಕುಣಿಮಗ್ಗ ಇರುತ್ತಿತ್ತು. ನೆಲದಲ್ಲಿ ತಗ್ಗು ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕುಳಿತು, ಕೆಳಗಿನ ಹಲಗೆ ತುಳಿಯುತ್ತ ನೇಯಬೇಕು. ಬಾಗಿಲಲ್ಲಿ ನಿಂತು ನೋಡಿದರೆ ನೇಕಾರನ ಸೊಂಟದ ಕೆಳಗೆ ಏನೂ ಕಾಣುವುದಿಲ್ಲ. ನೆಲವೇ ಅವನನ್ನು ಅರ್ಧ ನುಂಗಿದ ಹಾಗೆ ಕಾಣುತ್ತದೆ. ನಾನಾ ಚಿಕ್ಕವರಿದ್ದಾಗ ಹಾಗೆ ನೋಡಿದ್ದರಂತೆ.

ನನಗೆ ಒಂದು ಕ್ಷಣ ಮಾತೇ ಬರಲಿಲ್ಲ. ನಾನು ಅಸಾಧ್ಯ ಎಂದುಕೊಂಡಿದ್ದ ಮಾತು ಕಣ್ಣಿಗೆ ಕಂಡದ್ದನ್ನು ಕಂಡ ಹಾಗೆ ಹೇಳಿದ್ದಾಗಿತ್ತು. ಆಮೇಲೆ ಇಬ್ಬರೂ ಕೂತು ಇಡೀ ಪದವನ್ನು ಹೀಗೇ ನೋಡುತ್ತ ಹೋದೆವು. ಒಳ್ಳು ಒನಕೆಯನ್ನು ನುಂಗುತ್ತದೆ: ಕುಟ್ಟುವಾಗ ಒನಕೆಯ ತುದಿ ಒಳ್ಳಿನೊಳಗೆ ಹೋಗಲೇಬೇಕು. ಬೀಸುವ ಕಲ್ಲು ಗೂಟವನ್ನು ನುಂಗುತ್ತದೆ: ಗೂಟ ಕಲ್ಲಿನ ತೂತಿನಲ್ಲೇ ಕೂರುತ್ತದೆ. ಗೋಡೆ ಸುಣ್ಣವನ್ನು ನುಂಗುತ್ತದೆ: ಇಲ್ಲಿಗೆ ಬಂದಾಗ ನಾನಾ ಗೌಂಡಿಯ ಗತ್ತಿನಲ್ಲಿ ಎದೆ ತಟ್ಟಿಕೊಂಡರು. ಹೊಸ ಮಣ್ಣಿನ ಗೋಡೆಗೆ ಎಷ್ಟು ಸುಣ್ಣ ಬಳಿದರೂ ಕುಡಿಯುತ್ತಲೇ ಇರುತ್ತದೆ, ಮೂರನೆಯ ಕೈ ಬಳಿಯುವವರೆಗೆ ಬೆಳ್ಳಗಾಗುವುದೇ ಇಲ್ಲ ಎಂದು ಅವರಿಗೆ ಗೊತ್ತು. ಆದರೆ ಆಡು ಆನೆಯನ್ನು ನುಂಗುವುದಿಲ್ಲ. ಕುಟ್ಟಲು ಬಂದ ಮುದುಕಿಯನ್ನು ನೊಣ ನುಂಗುವುದಿಲ್ಲ. ಕೋಳಿ ಕೋಡಗವನ್ನು ನುಂಗುವುದಿಲ್ಲ. ಅಂದರೆ ಶರೀಫರು ನಡೆಯುವ ಮಾತನ್ನೂ ನಡೆಯದ ಮಾತನ್ನೂ ಒಂದೇ ದಾರಕ್ಕೆ ಪೋಣಿಸಿದ್ದಾರೆ. ಕೇಳುವವನು ಹೌದು, ಹೌದು ಎಂದು ತಲೆ ಆಡಿಸುತ್ತಿದ್ದ ಹಾಗೆಯೇ ಒಮ್ಮೆಲೇ ಎಡವಬೇಕು. ಎಡವಿದ ಮೇಲೆ, ಮೊದಲು ಹೌದೆಂದ ಮಾತುಗಳನ್ನೂ ತಿರುಗಿ ನೋಡುತ್ತಾನೆ. ನೇಕಾರನ ಕುಣಿಯನ್ನು ತಿರುಗಿ ನೋಡಿದರೆ ಇನ್ನೊಂದು ಕುಣಿ ನೆನಪಾಗುತ್ತದೆ, ಸತ್ತವರಿಗೆ ತೋಡುವ ಕುಣಿ. ಪದದ ಕೊನೆಯಲ್ಲಿ ಗೋವಿಂದ ಗುರುವಿನ ಪಾದ ಹಾಡುವವನನ್ನೇ ನುಂಗಿಬಿಡುತ್ತದೆ. ಅಲ್ಲಿಗೆ ನಾನು ಎಂಬುದು ಉಳಿಯುವುದಿಲ್ಲ. ಗೈಡ್ ಹೇಳಿದ್ದು ತಪ್ಪೇನಲ್ಲ, ಆದರೆ ಅದು ಮಗ್ಗವನ್ನೂ ಒಳ್ಳನ್ನೂ ದಾಟಿಸಿ ನನ್ನನ್ನು ನೇರವಾಗಿ ಮೋಕ್ಷಕ್ಕೆ ಕಳಿಸಿತ್ತು.

ಮಾಳಿಗೆ ಸೋರುವ ಪದವೂ ಹಾಗೆಯೇ. ಅದರಲ್ಲಿ ಒಳಗಿನ ಅರ್ಥದ ಬೀಗದ ಕೈಯನ್ನು ಶರೀಫರೇ ಕೊಟ್ಟಿದ್ದಾರೆ, ಅಜ್ಞಾನ ಎಂಬ ಶಬ್ದ ಮೊದಲಿಗೇ ಬರುತ್ತದೆ. ಹಾಗಾಗಿ ನಾವು ಸಲೀಸಾಗಿ ಮನೆ ಎಂದರೆ ದೇಹ ಎಂದು ಬರೆದುಬಿಡುತ್ತೇವೆ. ಈಗಿನ ಆರ್‌ಸಿಸಿ ಮನೆಯಲ್ಲಿ ಬೆಳೆದ ನನಗೆ ತೊಲೆ, ಜಂತಿ ಎಂದರೇನು ಗೊತ್ತು? ನಾನಾ ಹೇಳಿದ್ದು: ಮಣ್ಣಿನ ಮಾಳಿಗೆಯನ್ನು ವರ್ಷವರ್ಷ ನೋಡಿಕೊಳ್ಳಬೇಕು. ಮಳೆಗಾಲದ ಮುಂಚೆ ಹುಲ್ಲು ಕಸ ಕಿತ್ತು, ಹೊಸ ಮಣ್ಣು ಹಾಕಿ, ಮೇಲೆ ಹತ್ತಿ ಮೆಟ್ಟಿ ಮೆಟ್ಟಿ ಗಟ್ಟಿ ಮಾಡಬೇಕು. ಹಾಗೆ ಮಾಡದವನ ಮನೆ ನಡುರಾತ್ರಿ ಸೋರುತ್ತದೆ. ಆಗ ಕತ್ತಲಲ್ಲಿ, ಮಳೆಯಲ್ಲಿ, ಹುಳ ತಿಂದ ಜಂತಿಯ ಮೇಲೆ ಹತ್ತಿ ಮೆಟ್ಟಲು ಯಾರಿಗೂ ಆಗುವುದಿಲ್ಲ. ಪದದಲ್ಲಿರುವ ಹೆದರಿಕೆ ಆ ಹೆದರಿಕೆ. ಹಗಲು ಇದ್ದಾಗ ಮಾಡಬೇಕಾದ ಕೆಲಸವನ್ನು ಬಿಟ್ಟವನ ಹೆದರಿಕೆ. ಇದು ತಿಳಿದ ಮೇಲೆ ದೇಹ, ಅಜ್ಞಾನ ಎಂಬ ಮಾತುಗಳಿಗೆ ನನಗೆ ಮೊದಲಿಗಿಂತ ಹೆಚ್ಚು ಭಾರ ಬಂದವು.

ಶರೀಫರ ಮದುವೆ ಕುಂದಗೋಳದ ಫಾತಿಮಾ ಎಂಬವರ ಜೊತೆ ಆಗಿತ್ತು. ಒಂದು ಹೆಣ್ಣುಮಗು ಹುಟ್ಟಿತು. ಮಗುವೂ ಉಳಿಯಲಿಲ್ಲ, ಹೆಂಡತಿಯೂ ಉಳಿಯಲಿಲ್ಲ. ಶರೀಫರು ಮತ್ತೆ ಮದುವೆಯಾಗಲಿಲ್ಲ. ಹೆಂಡತಿಯೇ ತೀರಿಹೋದ ಮೇಲೆ ಮಾವನ ಮನೆಯ ಹಂಗು ಯಾಕೆ ಎಂಬ ಅರ್ಥದ ಅವರ ಪದವೊಂದಿದೆ. ಹೆಂಡತಿ ಎಂದರೆ ಮೋಹ, ಮಾವನ ಮನೆ ಎಂದರೆ ಪ್ರಪಂಚ ಎಂದು ಬಲ್ಲವರು ಬಿಡಿಸುತ್ತಾರೆ. ನನ್ನ ಗೆಳತಿಯೊಬ್ಬಳಿಗೆ ಅದು ಕಲ್ಲೆದೆಯ ಪದ ಅನ್ನಿಸಿತ್ತು. ಇಲ್ಲಿ ನಾನು ಬಲ್ಲವರ ಜೊತೆಗೂ ಪೂರ್ತಿ ಹೋಗಲಾರೆ, ಗೆಳತಿಯ ಜೊತೆಗೂ ಹೋಗಲಾರೆ. ಫಾತಿಮಾ ಎಂಬ ಒಬ್ಬ ಹೆಂಗಸು ನಿಜವಾಗಿ ಬದುಕಿದ್ದರು, ನಿಜವಾಗಿ ಸತ್ತರು. ಆಕೆ ಇಲ್ಲದ ಮೇಲೆ ಆಕೆಯ ತವರಿನ ಹೊಸ್ತಿಲು ತುಳಿಯಲು ಆಗದ ಗಂಡನೊಬ್ಬ ನಿಜವಾಗಿ ಇದ್ದ. ಆ ಪದದ ಶಬ್ದಾರ್ಥವನ್ನು ನಾವು ಬೇಗ ಬೇಗ ದಾಟಿದರೆ ಫಾತಿಮಾ ಇನ್ನೊಮ್ಮೆ ಇಲ್ಲವಾಗುತ್ತಾರೆ.

ಆಮೇಲಿನ ಶರೀಫರ ಬದುಕು ತಿರುಗಾಟದ ಬದುಕು. ಗುರುವಿನ ಜೊತೆ, ಗುರು ತೀರಿದ ಮೇಲೆ ಒಬ್ಬರೇ. ನವಲಗುಂದದ ನಾಗಲಿಂಗ ಸ್ವಾಮಿಗಳ ಜೊತೆ ಸ್ನೇಹವಿತ್ತು. ಕಂಡದ್ದೆಲ್ಲ ಅವರಿಗೆ ಪದವಾಗುತ್ತಿತ್ತು. ಹುಬ್ಬಳ್ಳಿಯಲ್ಲಿ ಹತ್ತಿಯ ಗಿರಣಿ ಬಂದಾಗ ಅದರ ಮೇಲೂ ಪದ ಕಟ್ಟಿದರು. ತಂಬೂರಿ, ಮುದುಕಿ, ಗಂಡನ ಮನೆಗೆ ಹೊರಟ ಹುಡುಗಿ, ಹಾವು, ಗುಡಿ, ಯಾವುದನ್ನೂ ಬಿಟ್ಟಿಲ್ಲ. ಶಿಶುನಾಳಧೀಶ ಎಂದು ಅಂಕಿತ ಹಾಕಿದರು. ಕುಳಿತು ಪುಸ್ತಕ ಬರೆದವರಲ್ಲ, ಬಾಯಿಂದ ಬಾಯಿಗೆ ಪದಗಳು ಉಳಿದವು. ಅದಕ್ಕೇ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಶಬ್ದ ಬೇರೆ ಬರುತ್ತದೆ. ಪೇಟೆಯ ಜನರಿಗೆ ಅವು ಮುಟ್ಟಿದ್ದು ಸಿ. ಅಶ್ವಥ್ ಅವರ ಕಂಠದಿಂದ, ಆಮೇಲೆ 1990ರಲ್ಲಿ ಬಂದ ಟಿ.ಎಸ್. ನಾಗಾಭರಣ ಅವರ ಸಿನಿಮಾದಿಂದ. ಅದರಲ್ಲಿ ಶ್ರೀಧರ್ ಶರೀಫರಾಗಿದ್ದರು, ಗಿರೀಶ ಕಾರ್ನಾಡರು ಗೋವಿಂದ ಭಟ್ಟರಾಗಿದ್ದರು.

ಒಂದು ಮಾತನ್ನು ಬರೆಯಲೋ ಬೇಡವೋ ಎಂದು ಯೋಚಿಸಿ ಬರೆಯುತ್ತಿದ್ದೇನೆ. ಎರಡು ವರ್ಷದ ಹಿಂದೆ ನಾನಾ ಮೇಳಕ್ಕೆ ಹೋಗುವುದನ್ನು ನಿಲ್ಲಿಸಿದ್ದರು. ಮನೆಗೆ ಬಂದ ನೆಂಟರೊಬ್ಬರು ಆ ಪದಗಳಲ್ಲಿ ಬರುವ ಕೆಲವು ಹೆಸರುಗಳನ್ನು ಎಣಿಸಿ ತೋರಿಸಿ, ಇವನ್ನು ನಾವು ಹಾಡಬಾರದು ಎಂದು ಹೇಳಿ ಹೋಗಿದ್ದರು. ನಾನಾ ಎದುರು ಮಾತಾಡಲಿಲ್ಲ. ಏಕತಾರಿಯನ್ನು ಗೂಟಕ್ಕೆ ತೂಗುಹಾಕಿದರು. ಅದೇ ವರ್ಷ ಬೇರೊಂದು ಊರಿನ ಭಾಷಣ ಸ್ಪರ್ಧೆಯಲ್ಲಿ ನಾನು ಶರೀಫರ ಬಗ್ಗೆ ಮಾತಾಡಿ ಕೆಳಗಿಳಿದಾಗ, ಒಬ್ಬ ಹುಡುಗ ಬಂದು, ಗೋವಿಂದ ಭಟ್ಟರು ಜನಿವಾರ ಹಾಕಿದ ಮೇಲೆ ಶರೀಫರು ನಿಮ್ಮವರು ಹೇಗಾಗುತ್ತಾರೆ ಎಂದು ಕೇಳಿದ. ಗುರು ತನ್ನ ಜನಿವಾರವನ್ನು ಶಿಷ್ಯನಿಗೆ ಹಾಕಿದರೆಂಬ ಕತೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ನನಗೆ ಆಗ ಉತ್ತರ ಹೊಳೆಯಲಿಲ್ಲ. ನೆಂಟರೂ ಆ ಹುಡುಗನೂ ಎಂದೂ ಒಬ್ಬರನ್ನೊಬ್ಬರು ನೋಡಿದವರಲ್ಲ. ಆದರೆ ಒಬ್ಬರು ಹೆಸರು ಎಣಿಸಿದರು, ಇನ್ನೊಬ್ಬ ದಾರದ ಎಳೆ ಎಣಿಸಿದ.

ಶಬ್ದವನ್ನು ಶಬ್ದದಷ್ಟಕ್ಕೇ ಹಿಡಿಯುವವರೆಲ್ಲ ದಡ್ಡರು ಎಂದು ನಾನು ತೀರ್ಮಾನ ಮಾಡಿಕೊಂಡಿದ್ದೆ. ಆ ತೀರ್ಮಾನ ನಮ್ಮ ಉರ್ದು ಉಪನ್ಯಾಸಕರ ಮುಂದೆ ನಿಲ್ಲಲಿಲ್ಲ. ಅವರು ಜಾಹಿರಿ ಪಂಥದ ಕತೆ ಹೇಳಿದರು. ಜಾಹಿರ್ ಎಂದರೆ ಹೊರಗೆ ಕಾಣುವುದು, ನಮ್ಮ ಜಾಹೀರಾತು ಶಬ್ದವೂ ಅದರಿಂದಲೇ ಬಂದದ್ದು. ಬಗ್ದಾದಿನಲ್ಲಿ 884ರಲ್ಲಿ ತೀರಿಕೊಂಡ ದಾವೂದ್ ಎಂಬ ವಿದ್ವಾಂಸರು ಧರ್ಮಶಾಸ್ತ್ರದಲ್ಲಿ ಮೂಲ ಪಾಠದ ಪ್ರಕಟವಾದ ಅರ್ಥವನ್ನೇ ಹಿಡಿಯಬೇಕು, ನಮ್ಮ ಊಹೆ ಸೇರಿಸಬಾರದು ಎಂದರು. ಅದಕ್ಕೆ ಕಾರಣವಿತ್ತು. ಪ್ರತಿಯೊಬ್ಬನೂ ತನಗೆ ಬೇಕಾದ ಒಳಾರ್ಥ ಹೇಳುತ್ತ ಹೋದರೆ ಕಾನೂನು ಎಂಬುದು ಉಳಿಯುವುದಿಲ್ಲ. ಸ್ಪೇನಿನ ಕಾರ್ಡೋಬಾದಲ್ಲಿ 994ರಲ್ಲಿ ಹುಟ್ಟಿದ ಇಬ್ನ್ ಹಜ್ಮ್ ಆ ಪಂಥದ ಅತಿ ದೊಡ್ಡ ವಿದ್ವಾಂಸ. ಅಂಥ ಕಟ್ಟುನಿಟ್ಟಿನ ಮನುಷ್ಯ ಪ್ರೀತಿಯ ಬಗ್ಗೆ ಒಂದು ಪುಸ್ತಕ ಬರೆದು, ಅದಕ್ಕೆ ಪಾರಿವಾಳದ ಕೊರಳಪಟ್ಟಿ ಎಂಬ ಅರ್ಥದ ಹೆಸರಿಟ್ಟರಂತೆ. ಹೆಸರು ನೋಡಿ ಪಕ್ಷಿ ಸಾಕುವವರು ಕೊಂಡರೆ ಮೋಸಹೋಗುತ್ತಾರೆ. ಯಾವ ಮಾತನ್ನು ಖರೀದಿ ಪತ್ರದ ಹಾಗೆ ಓದಬೇಕು, ಯಾವ ಮಾತನ್ನು ಪದದ ಹಾಗೆ ಕೇಳಬೇಕು ಎಂಬುದು ಇಬ್ನ್ ಹಜ್ಮ್ ಅವರಿಗೂ ಗೊತ್ತಿತ್ತು ಎಂದು ಸರ್ ನಕ್ಕರು. ಹೊಲದ ಉತಾರದಲ್ಲಿ ಎರಡು ಎಕರೆ ಎಂದಿದ್ದರೆ ಅದು ಎರಡು ಎಕರೆಯೇ ಆಗಿರಬೇಕು, ಅಲ್ಲಿ ಯಾರೂ ಒಳಾರ್ಥ ತೆಗೆಯಬಾರದು ಎಂದೂ ಸೇರಿಸಿದರು.

ನಾನು ರಜೆಯಲ್ಲಿ ಇದನ್ನೆಲ್ಲ ನಾನಾಗೆ ಹೇಳಿದೆ. ಅವರು ಬಗ್ದಾದಿನ ಮಾತಿಗೆ ಅಷ್ಟು ಕಿವಿಗೊಡಲಿಲ್ಲ. ಇಬ್ನ್ ಹಜ್ಮ್ ಅವರ ಪಾರಿವಾಳಕ್ಕೆ ಮಾತ್ರ ಬಹಳ ಹೊತ್ತು ನಕ್ಕರು.

ಶರೀಫರು ತೀರಿದ್ದು 1889ರಲ್ಲಿ, ಎಪ್ಪತ್ತನೆಯ ವಯಸ್ಸಿನಲ್ಲಿ. ಅದೂ ಜುಲೈ 3ರಂದೇ, ಹುಟ್ಟಿದ ತಾರೀಖಿಗೇ ಎಂದು ಹೇಳುವುದು ರೂಢಿ. ಕೊನೆಗಾಲದಲ್ಲಿ, ವೀರಶೈವರಲ್ಲಿ ನಡೆಯುವ ಹಾಗೆ ಜಂಗಮರು ತನ್ನ ತಲೆಯ ಮೇಲೆ ಪಾದ ಇಡಬೇಕೆಂದು ಅವರು ಬಯಸಿದರಂತೆ. ಕೈಯಲ್ಲಿ ಕಾಸಿರಲಿಲ್ಲ, ಅದನ್ನೂ ಪದವಾಗಿ ಹಾಡಿದರಂತೆ. ಮಣ್ಣು ಕೊಡುವಾಗ ಒಂದು ಕಡೆ ಕುರ್‌ಆನ್ ಪಠಣ, ಇನ್ನೊಂದು ಕಡೆ ಮಂತ್ರ ನಡೆದವು ಎನ್ನುತ್ತಾರೆ. ಇದನ್ನು ಓದಿದಾಗ ನಾನು ಪಟ್ಟಿ ತೆಗೆದು ಆ ಪದದ ಕೊನೆಯನ್ನು ಮತ್ತೊಮ್ಮೆ ನೋಡಿದೆ. ಪಾದ ಹಾಡುಗಾರನನ್ನು ನುಂಗಿತು ಎಂದು ಎಷ್ಟೋ ವರ್ಷ ಮೊದಲು ಹಾಡಿದ ಮನುಷ್ಯ ಕೊನೆಗೆ ಪಾದವನ್ನು ತಲೆಯ ಮೇಲೆ ನಿಜವಾಗಿಯೇ ಇಡಿಸಿಕೊಂಡ. ಗುರುವಿನ ಪಾದ ಎಂದರೆ ಕೃಪೆ ಎಂದಷ್ಟೇ ನಾನು ಬರೆದಿದ್ದೆ. ಶರೀಫರಿಗೆ ಅದು ಪಾದವೂ ಆಗಿತ್ತು. ಧೂಳು ಹತ್ತಿದ, ಬೆಚ್ಚಗಿನ ಪಾದ. ಜನಿವಾರದ ಬಗ್ಗೆ ಕೇಳಿದ ಹುಡುಗ ಈಗ ಸಿಕ್ಕಿದರೆ, ಆ ದಾರ ಗುರು ಶಿಷ್ಯನಿಗೆ ಕೊಟ್ಟದ್ದು, ಒಂದು ಗುಂಪು ಇನ್ನೊಂದು ಗುಂಪಿನಿಂದ ಗೆದ್ದುಕೊಂಡದ್ದಲ್ಲ ಎಂದು ಹೇಳುತ್ತೇನೆ. ಅವನು ಒಪ್ಪುತ್ತಾನೋ ಇ‌ಲ್ಲವೋ ಗೊತ್ತಿಲ್ಲ.

ಶಿಶುನಾಳದಲ್ಲಿ ಅವರ ಗದ್ದುಗೆಗೆ ಎರಡೂ ಕಡೆಯ ಜನ ಬರುತ್ತಾರೆ. ಒಬ್ಬರು ಕಾಯಿ ಒಡೆಯುತ್ತಾರೆ, ಇನ್ನೊಬ್ಬರು ಸಕ್ಕರೆ ಓದಿಸುತ್ತಾರೆ. ನಮ್ಮ ಕಾಲೇಜಿನಿಂದ ದೂರವೇನಿಲ್ಲ. ಕನ್ನಡ ಸಂಘದವರು ಒಂದು ದಿನದ ಪ್ರವಾಸ ಇಟ್ಟುಕೊಂಡರೆ ಹುಲಗೂರು, ಬಾಡ, ಶಿಶುನಾಳ ಮೂರನ್ನೂ ನೋಡಿ ಸಂಜೆಗೆ ಮನೆ ಸೇರಬಹುದು ಎಂದು ಪ್ರಾಚಾರ್ಯರಲ್ಲಿ ಈ ಮೂಲಕ ವಿನಂತಿ.

ಸರ್‌ಗೆ ನಾನು ಭಾವಾರ್ಥವನ್ನು ಮತ್ತೆ ಬರೆದು ಕೊಟ್ಟೆ. ಈ ಸಲ ಮೊದಲ ಪುಟದ ತುಂಬ ಕುಣಿಮಗ್ಗ, ಒಳ್ಳು, ಬೀಸುವ ಕಲ್ಲು, ಸುಣ್ಣದ ಗೋಡೆ. ಜೀವಾತ್ಮ ಎರಡನೆಯ ಪುಟದ ಕೊನೆಗೆ ಬಂದ. ಹತ್ತಕ್ಕೆ ಏಳು ಅಂಕ ಬಂದವು. ಕಾಗುಣಿತದ ತಪ್ಪಿಗೆ ಮೂರು ಹೋದವು.

ಈ ವರ್ಷ ರಂಜಾನಿಗೆ ಮೊದಲು ನಾನಾರ ಮನೆಗೆ ಸುಣ್ಣ ಬಳಿಯುವ ಕೆಲಸ ನನ್ನ ಪಾಲಿಗೆ ಬಂತು. ಹಿಂಭಾಗದಲ್ಲಿ ಹೊಸದಾಗಿ ಎತ್ತಿದ ಮಣ್ಣಿನ ಗೋಡೆ ಇತ್ತು. ನಾನಾ ಹೊರಸಿನ ಮೇಲೆ ಕುಳಿತು ಹೇಳಿಕೊಡುತ್ತಿದ್ದರು. ಒಂದು ಕೈ ಬಳಿದು ಇಳಿದು ನೋಡಿದರೆ ಗೋಡೆ ಮೊದಲಿದ್ದ ಹಾಗೆಯೇ ಕೆಂಪಗಿದೆ. ಬಕೆಟ್ಟು ಖಾಲಿ. ನಾನು ತಿರುಗಿ ನೋಡಿದೆ. ನಾನಾ ಒಂದೂ ಮಾತಾಡದೆ ಮೆಲ್ಲಗೆ ಎದ್ದು ಒಳಗೆ ಹೋದರು. ಗೂಟದಿಂದ ಏಕತಾರಿ ಇಳಿಸಿದ ಸಪ್ಪಳ ಕೇಳಿಸಿತು. ನಾನು ಎರಡನೆಯ ಬಕೆಟ್ಟಿಗೆ ಸುಣ್ಣ ಕಲಸತೊಡಗಿದೆ.